ಹವ್ಯಾಸಿ ಬಾನುಲಿ ಸ್ಪರ್ಧೆ: ಮನೆಯ ನಿಲಯದ ಲೆಕ್ಕಾಚಾರ

ಪ್ರತಿ ವರ್ಷ ಅಕ್ಟೋಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿ, ನಮ್ಮ ಗಡಿಯಾರದಂತೆ ಶನಿವಾರ ಬೆಳಗಿನ 5-30ಕ್ಕೆ ಸರಿಯಾಗಿ, ಪ್ರಪಂಚದ ಸಾವಿರಾರು ಹವ್ಯಾಸಿ ಬಾನುಲಿ ನಿಲಯಗಳು ಒಮ್ಮೆಗೇ ಕರೆ ನೀಡತೊಡಗುತ್ತವೆ. ಸೋಮವಾರ ಬೆಳಗಿನ 5-30ರ ವರೆಗೆ, ಎಂದರೆ 48 ಗಂಟೆಗಳ ಕಾಲ, ಈ ಗದ್ದಲ ಅಡಗುವುದಿಲ್ಲ. 1948ರಲ್ಲಿ ಮೊದಲಾದ ‘ಸಿಕ್ಯೂ ವರ್ಲ್ಡ್ ವೈಡ್’ ಸ್ಪರ್ಧೆಯ ಧ್ವನಿ ವಿಭಾಗವಿದು. ಮೋರ್ಸ್ ಸಂಕೇತದ ವಿಭಾಗವು ನವೆಂಬರಿನಲ್ಲಿ ಜರುಗುತ್ತದೆ.

ಹಣದ ಅಪೇಕ್ಷೆಯಿಲ್ಲದೆ, ಕಲಿಕೆಗಾಗಿಯೂ ಸಂತೋಷಕ್ಕಾಗಿಯೂ ಬಾನುಲಿ ಪ್ರೇಷಕವನ್ನು ನಡೆಸುವವರೇ ಹವ್ಯಾಸಿಗಳು. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಪರವಾನಗಿ ಪಡೆಯಬಹುದು. ಅವರಿಗೆ ದೊರೆಯುವ ಕರೆಸಂಜ್ಞೆ ಸಾಮಾನ್ಯವಾಗಿ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಎತ್ತರವಾದ ಗೋಪುರಗಳನ್ನೂ ಸಾವಿರ ವಾಟಿನ ಯಂತ್ರಗಳನ್ನೂ ಉಳ್ಳ ನಿಲಯಗಳ ನಡುವೆ, ಮೈಸೂರಿನ ಒಂದು ಮನೆಯ ಮಹಡಿಯಿಂದ 100 ವಾಟಿನ ಪೆಟ್ಟಿಗೆಯೊಂದು ಏನನ್ನು ಸಾಧಿಸೀತು ಎಂಬುದು ವಿದ್ಯಾರ್ಥಿಗಳ ಮನಸ್ಸಿನಲ್ಲಿ ಏಳುವ ಸಹಜವಾದ ಪ್ರಶ್ನೆ.

ಮೊದಲು ಶಕ್ತಿಯ ವಿಚಾರವನ್ನು ನೋಡೋಣ. 1000 ವಾಟಿಗೂ 100 ವಾಟಿಗೂ ಇರುವ ಅಂತರ ಹತ್ತು ಪಟ್ಟು, ಎಂದರೆ 10 ಡೆಸಿಬೆಲ್. ಗ್ರಾಹಕದ ಸಂಕೇತಮಾಪಕದಲ್ಲಿ ಒಂದೊಂದು ಗೆರೆಗೆ 6 ಡೆಸಿಬೆಲ್ ಎಂಬುದು ವಾಡಿಕೆ. ಆದುದರಿಂದ ಹತ್ತು ಪಟ್ಟು ಶಕ್ತಿಯ ವ್ಯತ್ಯಾಸ ದೂರದ ಮಾಪಕದಲ್ಲಿ ಎರಡು ಗೆರೆಗೂ ಕಡಿಮೆ! ಹಲವರು ಏಕಕಾಲದಲ್ಲಿ ಕೂಗುವಾಗ ಆ ಎರಡು ಗೆರೆ ಅಡ್ಡಿಯಾಗುವುದು ನಿಜ. ಆದರೆ ಮಾರ್ಗ ಚೆನ್ನಾಗಿ ತೆರೆದಿರುವಾಗ ಅದು ಗೋಡೆಯೇನೂ ಅಲ್ಲ. ಅಲ್ಲದೆ 100 ವಾಟಿನವರಿಗೂ 5 ವಾಟಿನವರಿಗೂ ಸ್ಪರ್ಧೆಯಲ್ಲಿ ಪ್ರತ್ಯೇಕ ವರ್ಗಗಳುಂಟು.

ಶಕ್ತಿಗಿಂತ ಮುಖ್ಯವಾದುದು ಆಂಟೆನಾ. 14 ಮೆಗಾಹರ್ಟ್ಸಿನ ಅಲೆಯುದ್ದ ಸುಮಾರು 20 ಮೀಟರ್. ಅದರ ಅರ್ಧದಷ್ಟು, ಎಂದರೆ ಸುಮಾರು 10 ಮೀಟರ್ ಉದ್ದದ ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಆ ಎರಡು ತುದಿಗಳಿಗೆ ಕೇಬಲ್ ಜೋಡಿಸಿದರೆ ದ್ವಿಧ್ರುವ ಸಿದ್ಧ. ನೆಲದಿಂದ 10 ಮೀಟರ್ ಎತ್ತರಕ್ಕೆ ಎರಡು ತೆಂಗಿನ ಮರಗಳು ಅದನ್ನು ಹಿಡಿದುಕೊಂಡಾವು. ಈ ಎತ್ತರದಲ್ಲಿ ತಂತಿಯು ತನ್ನ ಉದ್ದಕ್ಕೆ ಅಡ್ಡಲಾಗಿ ಹೆಚ್ಚು ಶಕ್ತಿಯನ್ನು ಸೂಸುತ್ತದೆ. ನಮ್ಮಿಂದ ಲಂಡನ್ನಿಗೆ ಹೋಗುವ ಅತಿ ಸಮೀಪದ ದಾರಿ ವಾಯವ್ಯ ದಿಕ್ಕಿನದು. ಆದುದರಿಂದ ತಂತಿಯನ್ನು ನೈಋತ್ಯದಿಂದ ಈಶಾನ್ಯಕ್ಕೆ ಕಟ್ಟಬೇಕು. ಸೂಜಿಗಲ್ಲು, ಭೂಗೋಲ, ಒಂದು ದಾರ ಇವಿಷ್ಟಿದ್ದರೆ ಈ ನಿರ್ಣಯಕ್ಕೆ ಸಾಕು. ಕಟ್ಟುವಾಗ ವಿದ್ಯುತ್ ಸರಬರಾಜಿನ ತಂತಿಗಳಿಂದ ದೂರವಿರತಕ್ಕದ್ದು. ಅಕ್ಟೋಬರಿನ ಹಿಂಗಾರಿನಲ್ಲಿ ಗುಡುಗು ಕೇಳಿಸಿದೊಡನೆ ನಿಲಯವನ್ನು ನಿಲ್ಲಿಸತಕ್ಕದ್ದು; ಮೋಡ ಕವಿಯುವ ಮೊದಲೇ ಕೇಬಲನ್ನು ಕಳಚಿ ಮನೆಯ ಹೊರಗಿಟ್ಟರೆ ಇನ್ನೂ ಲೇಸು. ಯಾವ ಅಂಕವೂ ಸಿಡಿಲಿಗೆ ಸಮನಲ್ಲ.

ಇನ್ನು ಸೂರ್ಯನ ಪಾತ್ರ. ಹ್ರಸ್ವ ಅಲೆಗಳನ್ನು ಭೂಮಿಗೆ ಮರಳಿಸುವುದು ಸುಮಾರು 200ರಿಂದ 400 ಕಿಲೋಮೀಟರ್ ಎತ್ತರದ ‘ಎಫ್’ ಪದರ. ಅದರ ಕೆಳಗೆ, 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಹಗಲಿನಲ್ಲಿ ಬಲಗೊಳ್ಳುವ ‘ಡಿ’ ಪದರವುಂಟು. ಇದು ಅಲೆಗಳನ್ನು ನುಂಗುವಂಥದು. ಕಡಿಮೆ ಆವೃತ್ತಿಯವನ್ನು ಹೆಚ್ಚಾಗಿ ನುಂಗುತ್ತದೆ. ಹೀಗಾಗಿ ಹಗಲಿನಲ್ಲಿ 10 ಮತ್ತು 15 ಮೀಟರ್ ಪಟ್ಟಿಗಳು ದೂರಕ್ಕೆ ಒದಗುತ್ತವೆ. ಹೊತ್ತು ಮುಳುಗಿ ‘ಡಿ’ ಪದರ ಕರಗಿದ ಮೇಲೆ 40 ಮತ್ತು 80 ಮೀಟರ್ ಪಟ್ಟಿಗಳು ಎಚ್ಚರಗೊಳ್ಳುತ್ತವೆ. ಮಧ್ಯಾಹ್ನ ಮನೆಯವರೆಲ್ಲ ಮಲಗಿರುವಾಗ ಯೂರೋಪಿನಲ್ಲಿ ಬೆಳಗು. ನಮ್ಮ ನಿಲಯದ ಸುಗ್ಗಿಯ ಕಾಲವದು. ಹನ್ನೊಂದು ವರ್ಷಗಳಿಗೊಮ್ಮೆ ಬರುವ ಸೂರ್ಯಕಲೆಗಳ ಇಳಿತದ ವರ್ಷಗಳಲ್ಲಿ ಮಾತ್ರ 10 ಮೀಟರಿನ ಪಟ್ಟಿ ದಿನವೆಲ್ಲ ಮೌನವಾಗಿರಬಹುದು.

ಅಂಕಗಳ ಲೆಕ್ಕವೇ ಸ್ಪರ್ಧೆಯ ತಿರುಳು. ಪ್ರಪಂಚವನ್ನು 40 ವಲಯಗಳಾಗಿ ವಿಂಗಡಿಸಿದ್ದಾರೆ, ನಮ್ಮದು 22ನೆಯದು. ಪ್ರತಿ ಸಂಪರ್ಕದಲ್ಲಿ ಸಂಕೇತದ ಗುಣಮಟ್ಟವನ್ನೂ ವಲಯದ ಸಂಖ್ಯೆಯನ್ನೂ ತಿಳಿಸಬೇಕು: “ಫೈವ್ ನೈನ್, ಟೂ ಟೂ”. ಬೇರೆ ಖಂಡದ ನಿಲಯಕ್ಕೆ 3 ಅಂಕ, ನಮ್ಮ ಖಂಡದ ಬೇರೆ ದೇಶಕ್ಕೆ 1, ಸ್ವದೇಶಕ್ಕೆ ಸೊನ್ನೆ. ಒಂದೊಂದು ಪಟ್ಟಿಯಲ್ಲಿಯೂ ಹೊಸದಾಗಿ ದೊರೆತ ವಲಯ ಮತ್ತು ದೇಶಗಳ ಸಂಖ್ಯೆಯೇ ‘ಗುಣಕ’. ಒಟ್ಟು ಅಂಕಗಳನ್ನು ಒಟ್ಟು ಗುಣಕಗಳಿಂದ ಗುಣಿಸಿದರೆ ಫಲಿತಾಂಶ. ಜಪಾನಿನಲ್ಲಿ ಹವ್ಯಾಸಿಗಳು ಬಹಳ. ಆದರೆ ಅಲ್ಲಿನ ಮೂರು ಸಂಪರ್ಕಗಳು ಜರ್ಮನಿಯ ಒಂದಕ್ಕೆ ಸಮ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 3 ಅಂಕಗಳ 300 ಸಂಪರ್ಕಗಳೂ 60 ಗುಣಕಗಳೂ ಕೈಸೇರಿವೆಯೆಂದು ಭಾವಿಸಿದರೆ ಮೊತ್ತ 900 × 60, ಅಂದರೆ 54,000. ಇನ್ನೊಂದು ಸಾಮಾನ್ಯ ಸಂಪರ್ಕದಿಂದ ಹೆಚ್ಚುವುದು 180. ಗುಣಕವೊಂದು ಹೆಚ್ಚಿದರೆ ಅದರಿಂದಲೇ 900, ಎಂದರೆ ಐದು ಸಂಪರ್ಕಗಳ ಬೆಲೆ. ಈ ಐದು ಎಂಬುದು ಬೇರೇನೂ ಅಲ್ಲ, 300ನ್ನು 60ರಿಂದ ಭಾಗಿಸಿದ ಫಲ. ಐದು ಸಂಪರ್ಕಗಳಿಗೆ ತಗಲುವ ಸಮಯದೊಳಗೆ ಹೊಸ ದೇಶವೊಂದು ದೊರಕುವಂತಿದ್ದರೆ ಹುಡುಕಹೊರಡಬೇಕು. ಇಲ್ಲವಾದರೆ ಇದ್ದಲ್ಲಿಯೇ ಇರಬೇಕು. ಸ್ವದೇಶದ ಸಂಪರ್ಕಕ್ಕೆ ಅಂಕವಿಲ್ಲವೆಂದು ಅದನ್ನು ತಾತ್ಸಾರ ಮಾಡುವವರುಂಟು, ಅದು ಸರಿಯಲ್ಲ. ಒಂದೊಂದು ಪಟ್ಟಿಯಲ್ಲಿ ಒಬ್ಬ ಭಾರತೀಯನೊಡನೆ ಮಾತನಾಡಿದರೆ ವಲಯವೊಂದು, ದೇಶವೊಂದು, ಹೀಗೆ ಎರಡು ಗುಣಕಗಳು ಕ್ಷಣದಲ್ಲಿ ದೊರೆಯುತ್ತವೆ.

ಇದೇ ನಿಯಮವನ್ನು ಎದುರು ಕಡೆಯಿಂದ ನೋಡಿದರೆ ನಮ್ಮ ನಿಜವಾದ ಬಲ ಕಾಣಿಸುತ್ತದೆ. ಯೂರೋಪಿನ ದೊಡ್ಡ ನಿಲಯಕ್ಕೆ ಪಕ್ಕದ ದೇಶದ ನಿಲಯದಿಂದ ಬರುವುದು 1 ಅಂಕ; ಆ ದೇಶದ ಗುಣಕವೂ ಅದಕ್ಕೆ ಮೊದಲ ಗಂಟೆಯಲ್ಲಿಯೇ ದೊರೆತಿರುತ್ತದೆ. ಭಾರತದ ನಿಲಯದಿಂದಲಾದರೋ 3 ಅಂಕಗಳೊಡನೆ ಎರಡು ಗುಣಕಗಳೂ ದೊರೆಯಬಹುದು. 22ನೆಯ ವಲಯದಿಂದ ಮಾತನಾಡುವವರು ಯೂರೋಪಿನವರಂತೆ ಹೇರಳವಾಗಿಲ್ಲ. ಆದುದರಿಂದ “ವಿಯು” ಎಂಬ ಎರಡಕ್ಷರ ಕಿವಿಗೆ ಬಿದ್ದರೆ ಆತನು ಉಳಿದವರನ್ನು ಸುಮ್ಮನಿರಿಸಿ ನಮ್ಮನ್ನು ಕರೆಯುವ ಸಂಭವವುಂಟು. ಕೂಗಾಟದ ಮಧ್ಯದಲ್ಲಿ ಕೂಗದೆ, ಇತರರು ಉಸಿರೆಳೆಯುವ ಅರೆಕ್ಷಣ ಕಾದು ಕರೆಸಂಜ್ಞೆಯನ್ನು ಒಮ್ಮೆ ಸ್ಪಷ್ಟವಾಗಿ ಹೇಳುವುದು ಲೇಸು. ಭಾನುವಾರ ಮಧ್ಯಾಹ್ನದ ಹೊತ್ತಿಗಂತೂ ದೊಡ್ಡ ನಿಲಯಗಳು ಸಿಕ್ಕವರೊಡನೆಲ್ಲ ಮಾತು ಮುಗಿಸಿ ಬರಿಯ ಗಾಳಿಗೆ ಕರೆ ಕೊಡುತ್ತಿರುತ್ತವೆ. ಶನಿವಾರ ಕೇಳಿಸದ 5 ವಾಟಿನ ದನಿಗೂ ಆಗ ಮರ್ಯಾದೆ ದೊರಕುತ್ತದೆ.

ಸ್ಪರ್ಧೆ ಮುಗಿದ ಐದು ದಿನಗಳೊಳಗೆ ಸಂಪರ್ಕಗಳ ದಾಖಲೆಯನ್ನು ಕಳುಹಿಸಬೇಕು. ಗಣಕಯಂತ್ರವು ಎರಡೂ ಕಡೆಯವರ ದಾಖಲೆಗಳನ್ನು ತಾಳೆ ನೋಡುತ್ತದೆ. ಕರೆಸಂಜ್ಞೆಯಲ್ಲಿ ಒಂದಕ್ಷರ ತಪ್ಪಿದ್ದರೂ ಆ ಸಂಪರ್ಕ ಹೋಗುತ್ತದೆ. ದಂಡವಾಗಿ ಇನ್ನಷ್ಟು ಅಂಕಗಳೂ ಕಳೆಯುತ್ತವೆ. ಸಂದೇಹ ಬಂದಾಗ ಮತ್ತೊಮ್ಮೆ ಕೇಳಿ ಬರೆದುಕೊಳ್ಳುವುದಕ್ಕೆ ಐದು ಸೆಕೆಂಡು ಸಾಕು.