ತಾತ ವಾಯುಪಡೆಯಲ್ಲಿದ್ದರೇ? ಯುದ್ಧಕಾಲದ ದಾಖಲೆ ಹುಡುಕಲು ಒಂಬತ್ತು ಸೂತ್ರಗಳು

ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವ ಫೆಬ್ರವರಿಯಲ್ಲಿ ಬೆಂಗಳೂರಿನ ಕೆಂಪಾಪುರದ ತಾರಸಿಗಳ ಮೇಲೆ ಜನ ನಿಂತು ಆಕಾಶ ನೋಡುತ್ತಾರೆ. ಆಗ ಯಾರಾದರೊಬ್ಬರು ಹೇಳುವುದುಂಟು: ‘ನಮ್ಮ ತಾತನೂ ಏರ್‌ಫೋರ್ಸಲ್ಲಿದ್ರು, ಬರ್ಮಾ ಕಡೆ ಹೋಗಿದ್ರಂತೆ.’ ಅದರಾಚೆಗೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ. ಪಕ್ಕದ ಯಲಹಂಕದ ವಿಮಾನ ನೆಲೆಯಲ್ಲಿ 1944ರಲ್ಲಿ ಥಂಡರ್‌ಬೋಲ್ಟ್ ಯುದ್ಧವಿಮಾನ ಹಾರಿಸುವ ತರಬೇತಿ ನಡೆಯುತ್ತಿತ್ತು. ಎಂಬತ್ತು ವರ್ಷ ಕಳೆದರೂ ಹುಡುಕುವವರಿಗೆ ದಾರಿ ಇದೆ.

1. ಮೊದಲು ನಂಬರ್, ಆಮೇಲೆ ಹೆಸರು. ಸರ್ವಿಸ್ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಟ್ರಂಕು, ಬೀರುವಿನ ತಳ, ದೇವರಮನೆಯ ಕಾಗದದ ಕಟ್ಟು ಎಲ್ಲವನ್ನೂ ನೋಡಿ. ಡಿಸ್ಚಾರ್ಜ್ ಸರ್ಟಿಫಿಕೇಟ್, ಪೇ ಬುಕ್, ಮನೆಗೆ ಬರೆದ ಪತ್ರದ ಲಕೋಟೆ, ಫೋಟೋದ ಹಿಂಬದಿ, ಇವುಗಳಲ್ಲಿ ಎಲ್ಲಾದರೂ ಅದು ಇರಬಹುದು. ಪದಕಗಳಿದ್ದರೆ ತಿಕ್ಕಿ ಹೊಳಪು ಮಾಡುವ ಮೊದಲು ಭೂತಗನ್ನಡಿ ಹಿಡಿಯಿರಿ. ಎರಡನೇ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಯೋಧರಿಗೆ ಹೆಸರಿಲ್ಲದೆ ಹಂಚಿತು. ಭಾರತದಲ್ಲಿ ಕೊಟ್ಟವುಗಳ ಅಂಚಿನಲ್ಲೋ ಹಿಂಬದಿಯಲ್ಲೋ ನಂಬರ್ ಮತ್ತು ಹೆಸರು ಕೆತ್ತಿರುವುದು ಸಾಮಾನ್ಯ. ಬರ್ಮಾ ಸ್ಟಾರ್ ಇದ್ದರೆ ಪೂರ್ವದ ರಣರಂಗದ ಮಾತಿಗೆ ಅದೇ ಸಾಕ್ಷಿ.

2. ಯಾವ ಸಮವಸ್ತ್ರ ಎಂದು ತೀರ್ಮಾನಿಸಿಕೊಳ್ಳಿ. ಹಳಬರ ಮಾತಿನಲ್ಲಿ ಎಲ್ಲವೂ ‘ಮಿಲಿಟರಿ’. ತಾತ ಭಾರತೀಯ ವಾಯುಪಡೆಯಲ್ಲಿದ್ದರೋ, ಬ್ರಿಟಿಷರ ರಾಯಲ್ ಏರ್ ಫೋರ್ಸ್‌ನ ನೆಲೆಯಲ್ಲಿ ನಾಗರಿಕ ನೌಕರರಾಗಿದ್ದರೋ, ಭೂಸೇನೆಯವರೋ? ಬೆಂಗಳೂರಿನಲ್ಲಿ ಇನ್ನೊಂದು ಸಾಧ್ಯತೆಯೂ ಇದೆ. 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹಿರಾಚಂದ್ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಹೋಯಿತು. ಅಲ್ಲಿ ಯುದ್ಧವಿಮಾನ ರಿಪೇರಿ ಮಾಡಿದವರ ಹೆಸರು ವಾಯುಪಡೆಯ ಕಡತದಲ್ಲಿ ಸಿಗದು. 1945ರ ಮಾರ್ಚ್‌ನಿಂದ 1950ರ ಜನವರಿವರೆಗೆ ನಮ್ಮ ಪಡೆಯ ಹೆಸರು ‘ರಾಯಲ್ ಇಂಡಿಯನ್ ಏರ್ ಫೋರ್ಸ್’ ಎಂದಿತ್ತು; ‘ರಾಯಲ್’ ಕಂಡ ಮಾತ್ರಕ್ಕೆ ಲಂಡನ್ನಿಗೆ ಬರೆಯಬೇಡಿ.

3. ಅವರನ್ನು ಪೈಲಟ್ ಮಾಡಲು ಆತುರಪಡಬೇಡಿ. ಯುದ್ಧ ಮುಗಿಯುವಾಗ ವಾಯುಪಡೆಯಲ್ಲಿ ಸುಮಾರು 28,500 ಜನ; ಅವರಲ್ಲಿ ಅಧಿಕಾರಿಗಳು ಸುಮಾರು 1,600 ಮಾತ್ರ. ಉಳಿದವರು ಫಿಟ್ಟರ್, ರಿಗ್ಗರ್, ವೈರ್‌ಲೆಸ್ ಆಪರೇಟರ್, ಆರ್ಮರರ್, ಡ್ರೈವರ್, ಗುಮಾಸ್ತ. ಮಳೆಗಾಲದ ಕೆಸರಿನಲ್ಲಿ ರಾತ್ರಿಯಿಡೀ ಹರಿಕೇನ್ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದವರು ಇವರೇ. ತೋಳಿನ ಮೇಲೆ ಎರಡು ಅಲಗಿನ ಪ್ರೊಪೆಲರ್ ಬ್ಯಾಡ್ಜ್ ಇರುವ ಫೋಟೋ ಸಿಕ್ಕರೆ ಅದು ಲೀಡಿಂಗ್ ಏರ್‌ಕ್ರಾಫ್ಟ್‌ಮನ್ ದರ್ಜೆ. ತಾತ ಫಿಟ್ಟರ್ ಎಂದು ತಿಳಿದಾಗ ಕೆಲವರ ಮುಖ ಸಪ್ಪಗಾಗುತ್ತದೆ. ನನಗೆ ಅದು ಅನ್ಯಾಯವೆನ್ನಿಸುತ್ತದೆ. ಅವರು ಸಹಿ ಹಾಕದೆ ಯಾವ ವಿಮಾನವೂ ನೆಲ ಬಿಡುತ್ತಿರಲಿಲ್ಲ.

4. ಹೆಸರನ್ನು ಹತ್ತು ಬಗೆಯಲ್ಲಿ ಬರೆದು ನೋಡಿ. ಕನ್ನಡಿಗರ ಕಡತ ಕಳೆದುಹೋಗುವುದೇ ಇಲ್ಲಿ. ನಮ್ಮಲ್ಲಿ ಊರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ನಿಲ್ಲುತ್ತವೆ, ಮನೆತನದ ಹೆಸರು ಎಷ್ಟೋ ಜನರಿಗೆ ಇರುವುದಿಲ್ಲ. ಲಾಹೋರಿನಲ್ಲೋ ಕರಾಚಿಯಲ್ಲೋ ಕೂತ ಗುಮಾಸ್ತ ‘ಸರ್‌ನೇಮ್’ ಕೇಳಿದಾಗ ಹುಡುಗ ಊರ ಹೆಸರು ಹೇಳಿರಬಹುದು, ಅಪ್ಪನ ಹೆಸರು ಹೇಳಿರಬಹುದು. ರಾಮಯ್ಯ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಕಾಗುಣಿತ. ಪ್ರಾಂತ್ಯದ ಗೊಂದಲ ಇನ್ನೂ ದೊಡ್ಡದು. ಆಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಮಂಗಳೂರು, ಬಳ್ಳಾರಿಯವರ ಮುಂದೆ ‘ಮದ್ರಾಸ್’ ಎಂದಿರುತ್ತದೆ, ಧಾರವಾಡ, ಬಿಜಾಪುರದವರ ಮುಂದೆ ‘ಬಾಂಬೆ’, ಕಲಬುರಗಿ, ರಾಯಚೂರಿನವರ ಮುಂದೆ ‘ಹೈದರಾಬಾದ್’. ಕೊಡಗು ಪ್ರತ್ಯೇಕ ಪ್ರಾಂತ್ಯ. ಅರ್ಜಿಯಲ್ಲಿ ಇವತ್ತಿನ ಜಿಲ್ಲೆಯ ಜೊತೆ ಅಂದಿನ ಪ್ರಾಂತ್ಯವನ್ನೂ ಬರೆಯಿರಿ. ಸೇರಲು ಹೇಳಿದ ವಯಸ್ಸಿಗೂ ಶಾಲೆಯ ದಾಖಲೆಗೂ ತಾಳೆಯಾಗದಿದ್ದರೆ ಗಾಬರಿ ಬೇಡ.

5. ಸರಿಯಾದ ಬಾಗಿಲು ತಟ್ಟಿ. ಹೆಬ್ಬಾಳದಲ್ಲಿ ತರಬೇತಿ ಕಮಾಂಡ್ ಇದೆ, ಯಲಹಂಕದಲ್ಲಿ ಸ್ಟೇಷನ್ ಇದೆ; ಹತ್ತಿರವೆಂದು ಅಲ್ಲಿನ ಗೇಟಿಗೆ ಹೋಗಿ ನಿಂತರೆ ಕೆಲಸವಾಗದು. ಏರ್‌ಮನ್ ದರ್ಜೆಯವರ ದಾಖಲೆ ನೋಡಿಕೊಳ್ಳುವುದು ದೆಹಲಿಯ ಸುಬ್ರತೋ ಪಾರ್ಕ್‌ನ ಏರ್ ಫೋರ್ಸ್ ರೆಕಾರ್ಡ್ ಆಫೀಸ್. ಅಧಿಕಾರಿಗಳದ್ದಕ್ಕೆ ವಾಯುಪಡೆಯ ಕೇಂದ್ರ ಕಚೇರಿಗೇ ಬರೆಯಬೇಕು. ನಂಬರ್, ಹೆಸರಿನ ಎಲ್ಲ ರೂಪಗಳು, ಟ್ರೇಡ್, ಸೇರಿದ ಅಂದಾಜು ವರ್ಷ, ನಿಮ್ಮ ಸಂಬಂಧಕ್ಕೆ ಪುರಾವೆ, ಮರಣ ಪ್ರಮಾಣಪತ್ರದ ಪ್ರತಿ, ಇಷ್ಟನ್ನು ಒಂದೇ ಪುಟದ ಪತ್ರದ ಜೊತೆ ಕಳಿಸಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದೆ. ಮಹಾಯುದ್ಧದ ಯೋಧರಿಗೋ ಅವರ ಪತ್ನಿಗೋ ಸರ್ಕಾರದ ನೆರವು ಬಂದಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿನ ಹಳೆಯ ಅರ್ಜಿಯಲ್ಲೇ ನಂಬರ್ ಸಿಗಬಹುದು.

6. ಸ್ಕ್ವಾಡ್ರನ್ನಿನ ದಿನಚರಿ ಓದಿ. ವೈಯಕ್ತಿಕ ದಾಖಲೆ ಬರೀ ಅಸ್ಥಿಪಂಜರ: ಸೇರಿದ ದಿನ, ವರ್ಗಾವಣೆ, ಬಿಡುಗಡೆ. ಆ ದಿನಗಳಲ್ಲಿ ಏನಾಯಿತೆಂದು ತಿಳಿಯಲು ಘಟಕದ ದಿನಚರಿ ಬೇಕು. ರಾಯಲ್ ಏರ್ ಫೋರ್ಸ್‌ನ ಸ್ಕ್ವಾಡ್ರನ್ ದಿನಚರಿಗಳು ಬ್ರಿಟನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಏರ್ 27’ ಎಂಬ ಸರಣಿಯಲ್ಲಿವೆ, ನೆಲೆಗಳದ್ದು ‘ಏರ್ 28’ರಲ್ಲಿ. ನಮ್ಮ ಸ್ಕ್ವಾಡ್ರನ್‌ಗಳ ಕತೆಗೆ ಎಸ್.ಸಿ. ಗುಪ್ತ ಬರೆದ, 1961ರಲ್ಲಿ ಪ್ರಕಟವಾದ 1933–45ರ ವಾಯುಪಡೆಯ ಅಧಿಕೃತ ಇತಿಹಾಸ ಒಳ್ಳೆಯ ಆಧಾರ. ತಾತ 1944ರಲ್ಲಿ 1ನೇ ಸ್ಕ್ವಾಡ್ರನ್ನಿನಲ್ಲಿದ್ದರೆ ಅವರು ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ಕೈಕೆಳಗೆ ದುಡಿದವರು. ದಿನಚರಿಯಲ್ಲಿ ನೆಲದ ಸಿಬ್ಬಂದಿಯ ಹೆಸರು ಅಪರೂಪ. ದಿನಚರಿಯನ್ನೂ ತಾತನ ದಾಖಲೆಯನ್ನೂ ದಿನಾಂಕ ಹಿಡಿದು ಪಕ್ಕಪಕ್ಕ ಇಟ್ಟು ಓದಬೇಕು.

7. ಎದುರಾಳಿಯ ಕಾಗದವನ್ನೂ ನೋಡಿ. ಇದಕ್ಕೆ ನಂತರದ ಯುದ್ಧವೊಂದರ ಉದಾಹರಣೆ ಇದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಇದೇ 1ನೇ ಸ್ಕ್ವಾಡ್ರನ್ನಿನವರು. 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ಯುದ್ಧವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋದವರು ಮರಳಲಿಲ್ಲ. ಏನಾಯಿತೆಂದು ನಮ್ಮ ಕಡೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿಯಿಂದ ಬರೆದ ಪುಸ್ತಕದಲ್ಲಿ, ಒಂದು ಮಿಸ್ಟೇರ್ ವಿಮಾನ ತನಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಉರುಳಿಸಿದ ವಿಷಯ ಹೊರಬಿತ್ತು. ಆ ಮಿಸ್ಟೇರ್ ದೇವಯ್ಯನವರದು; 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅಷ್ಟು ವರ್ಷ ನಿಜ ಇದ್ದದ್ದು ಗಡಿಯಾಚೆಯ ಕಡತದಲ್ಲಿ.

8. ಮರಳಿ ಬಾರದವರಿಗೆ ಬೇರೆ ದಾರಿ. 1939ರ ಸೆಪ್ಟೆಂಬರ್ 3ರಿಂದ 1947ರ ಕೊನೆಯವರೆಗೆ ಸೇವೆಯಲ್ಲಿದ್ದು ತೀರಿಕೊಂಡವರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿದೆ. ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಬಹುದು. ಆಗ್ನೇಯ ಏಷ್ಯಾದಲ್ಲಿ ಸಮಾಧಿಯೂ ಸಿಗದೆ ಹೋದ ವೈಮಾನಿಕರ ಹೆಸರುಗಳನ್ನು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿ ಕೆತ್ತಿದ್ದಾರೆ.

9. ಸಿಕ್ಕಿದ್ದನ್ನು ಕನ್ನಡದಲ್ಲಿ ಬರೆದು ಅಜ್ಜಿಗೆ ಓದಿ ಹೇಳಿ. ದೆಹಲಿಯಿಂದ ಬರುವ ಪತ್ರ ಇಂಗ್ಲಿಷಿನಲ್ಲಿರುತ್ತದೆ, ತುಂಬ ಸಂಕ್ಷಿಪ್ತ ಅಕ್ಷರಗಳು. ಒಂದೊಂದು ಸಾಲನ್ನೂ ಬಿಡಿಸಿ ಬರೆಯಿರಿ. ಪಕ್ಕದಲ್ಲೇ ಅದು ಎಲ್ಲಿಂದ ಸಿಕ್ಕಿತೆಂದು ನಮೂದಿಸಿ. ಓದುವಾಗ ಫೋನಿನ ರೆಕಾರ್ಡರ್ ಹಾಕಿಡಿ. ‘ಅಂಬಾಲ’, ‘ಪೇಶಾವರ’ ಎಂಬ ಊರಿನ ಹೆಸರು ಕಿವಿಗೆ ಬಿದ್ದರೆ ಅತ್ತೆಗೋ ದೊಡ್ಡಪ್ಪನಿಗೋ ಮತ್ತೊಂದು ಪತ್ರದ ನೆನಪಾಗುತ್ತದೆ, ಅದನ್ನು ಇಟ್ಟ ಜಾಗವೂ.