ಹಳೆಯ ಮೊಬೈಲ್ ಕೊಳ್ಳುವ ಮುನ್ನ

ನಾವು ದಾವಣಗೆರೆಯ ನಿಟ್ಟುವಳ್ಳಿಯವರು. ಮಗಳ ಓದಿಗೆ ಸ್ಮಾರ್ಟ್‌ಫೋನ್ ಬೇಕಾಯಿತು. ಹೊಸದಕ್ಕೆ ದುಡ್ಡು ಸಾಲಲಿಲ್ಲ. ಒಂದು ಅಂಗಡಿಯಲ್ಲಿ 4,000 ರೂಪಾಯಿಗೆ ಹಳೆಯದು ಸಿಕ್ಕಿತು. ಗಾಜು ನೋಡಿದೆವು. ಬ್ಯಾಟರಿ ನೋಡಿದೆವು. ರಸೀದಿ ಮಾತ್ರ ಕೇಳಲಿಲ್ಲ.

ಎಂಟು ದಿನ ಚೆನ್ನಾಗಿ ನಡೆಯಿತು. ಒಂಬತ್ತನೇ ದಿನ ಕರೆ ಹೋಗಲಿಲ್ಲ. ಬೇರೆ ಸಿಮ್ ಹಾಕಿದರೂ ಅಷ್ಟೇ. ಪೊಲೀಸ್ ಠಾಣೆಯಲ್ಲಿ ವಿಚಾರಿಸಿದೆವು. ಅಯ್ಯೋ, ಅದು ಕಳುವಾದ ಮೊಬೈಲ್! ಕಳಕೊಂಡವರು ದೂರು ಕೊಟ್ಟು ಬಂದ್ ಮಾಡಿಸಿದ್ದರು. ಅಲ್ಲಿಯೇ ಒಪ್ಪಿಸಿ ಬಂದೆವು.

ಅಂಗಡಿಯವನನ್ನು ಕೇಳಿದೆವು. “ನಾ ಕೊಟ್ಟಿದ್ದು ಅನ್ನಾಕೆ ಚೀಟಿ ಎಲ್ಲೈತ್ರಿ?” ಅಂದ. ನಮ್ಮ ಬಾಯಿ ಕಟ್ಟಿತು. ನಿಮಗೆ ಓದು ಕಲಿಸುವ ನಾವೇ ಚೀಟಿ ಕೇಳದೆ ಕೆಟ್ಟೆವು.

ನೀವು ಹಾಗೆ ಮಾಡಬೇಡಿರಿ. ಪ್ರತಿ ಮೊಬೈಲಿಗೂ 15 ಅಂಕಿಗಳ ಗುರುತು ಸಂಖ್ಯೆ ಇದೆ. ಅದೇ ಐ.ಎಂ.ಇ.ಐ. ಸಂಖ್ಯೆ. ಎರಡು ಸಿಮ್ಮಿನ ಮೊಬೈಲಿಗೆ ಎರಡು ಸಂಖ್ಯೆ. ಮೊಬೈಲಿನಲ್ಲಿ *#06# ಒತ್ತಿರಿ. ಸಂಖ್ಯೆ ಕಾಣುತ್ತದೆ. ಡಬ್ಬಿಯ ಮೇಲಿನ ಸಂಖ್ಯೆಯೊಂದಿಗೆ ತಾಳೆ ನೋಡಿರಿ.

ಆಮೇಲೆ ನಿಮ್ಮ ಮೊಬೈಲಿನಿಂದ 14422ಕ್ಕೆ ಸಂದೇಶ ಕಳಿಸಿರಿ. ಮೊದಲು ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂದು ಮೂರು ಅಕ್ಷರ. ಸ್ವಲ್ಪ ಜಾಗ ಬಿಟ್ಟು ಆ 15 ಅಂಕಿ. ‘ಬ್ಲ್ಯಾಕ್‌ಲಿಸ್ಟ್’ ಎಂದು ಉತ್ತರ ಬಂದರೆ ಅದನ್ನು ಕೊಳ್ಳಬೇಡಿರಿ.

ಸರಿಯಿದ್ದರೆ ಕೊಳ್ಳಿರಿ. ರಸೀದಿಯಲ್ಲಿ ಆ ಸಂಖ್ಯೆ, ತಾರೀಖು, ಬೆಲೆ ಬರೆಸಿರಿ. ಓದಿ ನೋಡಿರಿ. ಆಮೇಲೆ ದುಡ್ಡು ಕೊಡಿರಿ.

ಅಭ್ಯಾಸ

1. ರಸೀದಿಯಲ್ಲಿ ಏನೇನು ಬರೆಸಬೇಕು?
2. ನಿಮ್ಮ ಮೊಬೈಲಿನ 15 ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಮೊಬೈಲ್ ಕಳೆದರೆ ದೂರು ಕೊಡಲು ಬೇಕಾಗುತ್ತದೆ.