ಸಂಬಳವನ್ನು ಯಾರ ಕೊಳಗದಲ್ಲಿ ಅಳೆಯುತ್ತೀ?

ವಯಸ್ಸಿಗೆ ತಕ್ಕ ಸಂಬಳ ಬರುತ್ತಿದೆಯೇ ಎಂದು ನಿನ್ನನ್ನು ಕೇಳುವವರು ನಮ್ಮ ಸೊರಬದಲ್ಲಿ ಕಡಿಮೆಯಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಭೂಮಿ ಹುಣ್ಣಿಮೆಗೆಂದು ಊರಿಗೆ ಬಂದರೆ ಗದ್ದೆಯ ಬದುವಿನ ಮೇಲೂ ಕೇಳುತ್ತಾರೆ. ‘ಇಪ್ಪತ್ತೆಂಟು ತುಂಬಿತಲ್ಲ ಮಾರಾಯ, ಈಗ ಎಷ್ಟು ಕೊಡ್ತಾರೆ?’ ನೀನು ಒಂದು ಅಂಕಿ ಹೇಳುತ್ತೀ. ಅವರು ‘ಓ, ಅಷ್ಟೇನಾ’ ಎನ್ನುತ್ತಾರೆ. ಅವತ್ತಿನ ಊಟ ನಿನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೀಗೆ ಮುಖ ಸಣ್ಣ ಮಾಡಿಕೊಂಡು ಬೆಂಗಳೂರಿನ ರಾತ್ರಿ ಬಸ್ಸು ಹತ್ತುವ ಮಕ್ಕಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈ ನಾಲ್ಕು ಮಾತು.

ನಾನು ಖಜಾನೆಯಲ್ಲಿ ಕೆಲಸ ಮಾಡಿದವನು. ಕಂಪ್ಯೂಟರು ಬರುವ ಮೊದಲು, ತಿಂಗಳ ಕೊನೆ ಹತ್ತಿರವಾದಂತೆ ತಾಲ್ಲೂಕಿನ ಕಚೇರಿಗಳ ಸಂಬಳದ ಬಿಲ್ಲುಗಳು ನಮ್ಮ ಮೇಜಿಗೆ ಬಂದು ಬೀಳುತ್ತಿದ್ದವು. ಹೆಸರು, ಹುದ್ದೆ, ವೇತನಶ್ರೇಣಿ, ಮೂಲವೇತನ, ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ, ಆಮೇಲೆ ಕಡಿತಗಳು, ಕೆಜಿಐಡಿ ವಿಮೆ, ಜಿಪಿಎಫ್ ಉಳಿತಾಯ, ವೃತ್ತಿ ತೆರಿಗೆ, ಕಟ್ಟಕಡೆಗೆ ನಿವ್ವಳ. ಕೂಡಿ, ಕಳೆದು, ತಾಳೆ ನೋಡಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ವಾಪಸು ಕಳಿಸುತ್ತಿದ್ದೆವು. ಆ ಉದ್ದನೆಯ ಹಾಳೆಯಲ್ಲಿ ವಯಸ್ಸಿಗೆ ಒಂದು ಕಾಲಂ ಇರಲಿಲ್ಲ. ಇಪ್ಪತ್ತೈದರ ಅಧಿಕಾರಿಯ ಮೂಲವೇತನ ಐವತ್ತೈದರ ಜವಾನನದಕ್ಕಿಂತ ಬಹಳ ಹೆಚ್ಚಿರುತ್ತಿತ್ತು. ಹುದ್ದೆ ಯಾವುದು, ಸೇರಿ ಎಷ್ಟು ವರ್ಷವಾಯಿತು, ಇಂಕ್ರಿಮೆಂಟು ಎಷ್ಟಾಯಿತು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತಿತ್ತು. ಹುಟ್ಟಿದ ತಾರೀಕು ನೆನಪಾಗುತ್ತಿದ್ದದ್ದು ನಿವೃತ್ತಿಯ ಹೊತ್ತಿಗೆ.

ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಅಧಿಸೂಚನೆ ತೆಗೆದು ನೋಡು, ಅದರಲ್ಲೂ ಹಾಗೆಯೇ. ಯಾವ ಉದ್ಯಮ, ಯಾವ ವಲಯ, ಕೆಲಸ ಅಕುಶಲವೋ ಅರೆಕುಶಲವೋ ಕುಶಲವೋ ಎಂದು ಕೇಳುತ್ತದೆಯೇ ಹೊರತು ನಿನಗೆ ಮೂವತ್ತಾಯಿತೇ ಎಂದು ಕೇಳುವುದಿಲ್ಲ. ನಮ್ಮ ಕಡೆಯ ಕೊನೆಗೌಡನನ್ನೇ ತೆಗೆದುಕೋ. ಕಾಲಿಗೆ ತಳೆ ಹಾಕಿಕೊಂಡು ಅಡಿಕೆಮರ ಏರಿ, ತುದಿಯಲ್ಲೇ ಮರದಿಂದ ಮರಕ್ಕೆ ಹಾಯ್ದು, ಅಡಿಕೆಗೊನೆ ಕಿತ್ತು ಹಗ್ಗದ ಮೇಲೆ ಜಾರಿಸಿಬಿಡುತ್ತಾನೆ. ತೋಟದಲ್ಲಿ ಅವನದೇ ಹೆಚ್ಚಿನ ಕೂಲಿ. ಬಿದ್ದರೆ ಬದುಕು ಮುಗಿಯುವ ಕೆಲಸ ಅದು, ಬಲ್ಲವರು ಕಡಿಮೆ, ಕೊಯ್ಲಿನ ಹೊತ್ತಿಗೆ ಎಲ್ಲ ತೋಟದವರಿಗೂ ಒಟ್ಟಿಗೇ ಬೇಕು. ಈ ಮೂರೂ ಸೇರಿ ಅವನ ಕೂಲಿ ನಿಲ್ಲುತ್ತದೆ. ಈಗ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ. ದೋಟಿ ಹಿಡಿಯುವುದನ್ನು ಕಲಿತ ಹುಡುಗರಿಗೆ ಇಪ್ಪತ್ತೆರಡಕ್ಕೇ ಒಳ್ಳೆಯ ಕೂಲಿ. ನಿನ್ನ ಕೆಲಸದ ಬೆಲೆ ನಿಲ್ಲುವುದೂ ಹೀಗೆಯೇ: ಅದನ್ನು ಬಲ್ಲವರು ಎಷ್ಟು ಜನ, ಬೇಕಾದವರು ಎಷ್ಟು ಜನ, ಅದರಲ್ಲಿ ಕಷ್ಟ ಮತ್ತು ಹೊಣೆ ಎಷ್ಟು. ಹಾಗಾಗಿ ‘ನನ್ನ ವಯಸ್ಸಿನವರಿಗೆಲ್ಲ ಎಷ್ಟು’ ಎಂಬ ಪ್ರಶ್ನೆಯನ್ನು ಬಿಡು. ‘ನಾನು ಮಾಡುವ ಇದೇ ಕೆಲಸವನ್ನು, ನನ್ನಷ್ಟೇ ಅನುಭವದವರು, ಇದೇ ಊರಿನಲ್ಲಿ ಎಷ್ಟಕ್ಕೆ ಮಾಡುತ್ತಿದ್ದಾರೆ’ ಎಂದು ಕೇಳು. ಅದಕ್ಕೆ ಉತ್ತರ ಸಿಗುತ್ತದೆ.

ಸಿಗುತ್ತದೆ, ಆದರೆ ಸುಮ್ಮನೆ ಸಿಗುವುದಿಲ್ಲ. ಸರ್ಕಾರಿ ಮಾಸ್ತರರ ವೇತನಶ್ರೇಣಿ ಊರಿಗೆಲ್ಲ ಗೊತ್ತು, ಆದೇಶದಲ್ಲಿ ಅಚ್ಚಾಗಿರುತ್ತದೆ. ಖಾಸಗಿ ಕಂಪನಿಯಲ್ಲಿ ಪಕ್ಕದ ಕುರ್ಚಿಯವನ ಸಂಬಳವೇ ನಿನಗೆ ಗೊತ್ತಿರುವುದಿಲ್ಲ. ‘ಯಾರಿಗೂ ಹೇಳಬೇಡಿ’ ಎಂದು ಎಚ್‌ಆರ್‌ನವರು ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಈ ಗುಟ್ಟಿನಿಂದ ಲಾಭ ಯಾರಿಗೆ ಎಂದು ಯೋಚನೆ ಮಾಡು.

ಅಳತೆ ಒಂದೇ ಕಡೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಕಥೆಯೊಂದಿದೆ. ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದದ್ದನ್ನು ನಿನ್ನ ಅಜ್ಜನ ಕಾಲದವರು ಬಲ್ಲರು. ಗೇಣಿದಾರರು ಒಡೆಯರಿಗೆ ಗೇಣಿ ಭತ್ತ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗ ಒಡೆಯರ ಮನೆಯದು, ಅದು ಸರ್ಕಾರದ ಅಳತೆಗಿಂತ ದೊಡ್ಡದು. ಗೇಣಿ ಇಷ್ಟು ಕೊಳಗ ಎಂಬ ಮಾತು ಬದಲಾಗದೆ ಭತ್ತ ಮಾತ್ರ ಹೆಚ್ಚು ಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತಸಂಘ ಕಟ್ಟಿ ಜನರನ್ನು ಒಟ್ಟುಗೂಡಿಸಿದರು. ದೀವರ ಸಮುದಾಯದ ಗೇಣಿದಾರರು ಸರ್ಕಾರಿ ಅಳತೆಯ ಕೊಳಗದಲ್ಲಿ ಮಾತ್ರ ಅಳೆಯುತ್ತೇವೆ ಎಂದು ನಿಂತರು. ಒಡೆಯರು ಗದ್ದೆ ಬಿಡಿಸಿದರು, ರೈತರು ಗದ್ದೆಗಿಳಿದು ಜೈಲಿಗೆ ಹೋದರು, ಸಮಾಜವಾದಿಗಳು ಬಂದು ಸೇರಿದರು, ಅವರ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ನೆಲ ಎಂಬ ಕೂಗು ದೊಡ್ಡದಾದದ್ದು ಆಮೇಲೆ. ಮೊದಲು ಎದ್ದದ್ದು ಕೊಳಗದ ಪ್ರಶ್ನೆ.

ಸಂಬಳದ ವಿಷಯದಲ್ಲೂ ಮೊದಲು ಕೊಳಗ ನೋಡು. ಇವತ್ತಿನ ದೊಡ್ಡ ಕೊಳಗದ ಹೆಸರು ಸಿಟಿಸಿ, ಅಂದರೆ ನಿನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 4,20,000 ಎಂದು ನೇಮಕಾತಿ ಪತ್ರದಲ್ಲಿ ಬರೆದಿದೆ ಎಂದಿಟ್ಟುಕೋ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 35,000 ಎಂದು ಮನೆಯವರಿಗೆ ಫೋನು ಮಾಡುತ್ತೀ. ಈಗ ಬಿಡಿಸಿ ನೋಡೋಣ. ವೇರಿಯಬಲ್ ಪೇ ಶೇ. 10, ಅಂದರೆ ತಿಂಗಳಿಗೆ 3,500. ಅದು ವರ್ಷದ ಕೊನೆಗೆ, ಅವರ ಮನಸ್ಸಿಗೆ ಬಂದಷ್ಟು. ಕಂಪನಿ ತನ್ನ ಪಾಲಿಗೆ ಕಟ್ಟುವ ಪಿಎಫ್ 1,800. ಮೂಲವೇತನ 17,500ರ ಮೇಲೆ ಗ್ರಾಚ್ಯುಟಿಗೆಂದು ಎತ್ತಿಡುವುದು ಸುಮಾರು 842. ವಿಮೆಯ ಕಂತು 500 ಇರಲಿ. ಇಷ್ಟು ಕಳೆದರೆ 28,358. ಇದರಲ್ಲಿ ನಿನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ 26,358. ಮೂವತ್ತೈದು ಸಾವಿರದವನು ಎಂದು ಊರು ತಿಳಿದುಕೊಂಡಿದೆ, ನೀನು ಇಪ್ಪತ್ತಾರು ಸಾವಿರದಲ್ಲಿ ಬದುಕುತ್ತಿದ್ದೀ. ಪಿಎಫ್ ನಿನ್ನದೇ ದುಡ್ಡು, ಅದನ್ನು ನಷ್ಟ ಎನ್ನಬೇಡ. ಆದರೆ ಇನ್ನೊಬ್ಬರ ಸಂಬಳದ ಜೊತೆ ಹೋಲಿಸುವಾಗ ಅವರದೂ ಸಿಟಿಸಿಯೋ, ಕೈಗೆ ಬರುವುದೋ ಎಂದು ಕೇಳಿಯೇ ಹೋಲಿಸು.

ಅಷ್ಟಕ್ಕೇ ನಿಲ್ಲಿಸಬೇಡ, ಗಂಟೆಯ ಲೆಕ್ಕವನ್ನೂ ಹಾಕು. ಆಫೀಸಿನಲ್ಲಿ ಒಂಬತ್ತು ಗಂಟೆ, ಹೋಗಿ ಬರಲು ಮೂರು ಗಂಟೆ, ತಿಂಗಳಿಗೆ 22 ದಿನ ಎಂದರೆ 264 ಗಂಟೆ. 26,358ನ್ನು ಭಾಗಿಸಿದರೆ ಗಂಟೆಗೆ ಸುಮಾರು 100 ರೂಪಾಯಿ. ಅದರಲ್ಲೇ ಪಿಜಿ ಬಾಡಿಗೆ, ಬಸ್ಸು, ಊರಿಗೆ ಬಂದು ಹೋಗುವ ಖರ್ಚು. ಆನವಟ್ಟಿಯಲ್ಲೋ ಶಿಕಾರಿಪುರದಲ್ಲೋ ಮನೆಯಲ್ಲೇ ಉಂಡು ಹದಿನಾರು ಸಾವಿರಕ್ಕೆ ಲೆಕ್ಕ ಬರೆಯುವ ನಿನ್ನ ಗೆಳೆಯನ ಕೈಯಲ್ಲಿ ತಿಂಗಳ ಕೊನೆಗೆ ನಿನ್ನಷ್ಟೇ ಉಳಿಯಬಹುದು. ಹಾಗೆಂದು ಬೆಂಗಳೂರು ಬಿಟ್ಟು ಬಾ ಎಂದು ನಾನು ಹೇಳುವುದಿಲ್ಲ. ಅಲ್ಲಿ ಕಲಿಯುವುದು ಬೇರೆ, ಮುಂದಿನ ದಾರಿ ಬೇರೆ. ಆದರೆ ಕಲಿಕೆಯ ಹೆಸರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿದ್ದರೆ ಅದಕ್ಕೊಂದು ಗಡುವು ಹಾಕಿಕೋ. ಒಂದು ವರ್ಷ ಆಗಬಹುದು, ಹೆಚ್ಚೆಂದರೆ ಎರಡು. ಕಲಿತಾದ ಮೇಲೂ ಕಲಿಯುವವನ ಸಂಬಳವೇ ಕೊಡುತ್ತಿದ್ದರೆ ಅದು ನ್ಯಾಯವಲ್ಲ.

ನ್ಯಾಯವಾದ ಸಂಬಳ ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಲೆಕ್ಕ ಇದೆ, ಓದಿದ ಮಕ್ಕಳಿಗೂ ಅದು ಗೊತ್ತಿಲ್ಲ ಎಂಬುದು ನನ್ನ ಕೊರಗು. 1957ರಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ ಹದಿನೈದನೇ ಅಧಿವೇಶನ ಅದನ್ನು ಒಪ್ಪಿತು. ದುಡಿಯುವ ಒಬ್ಬರಿಗೆ ಮೂರು ಬಳಕೆ-ಘಟಕದ ಸಂಸಾರ, ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಅದಕ್ಕೆ ಆಹಾರತಜ್ಞ ಅಯ್ಕ್ರಾಯ್ಡ್ ಹಾಕಿಕೊಟ್ಟ ಪಟ್ಟಿಯೇ ಆಧಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ ಬೇರೆ, ಉರುವಲು, ದೀಪ ಮೊದಲಾದವಕ್ಕೆ ಒಟ್ಟು ಕನಿಷ್ಠ ವೇತನದ ಶೇ. 20. ಆಮೇಲೆ 1991ರಲ್ಲಿ ರಾಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಷ್ಟು ಸಾಲದು ಎಂದಿತು: ಮಕ್ಕಳ ಓದು, ಔಷಧಿ, ಹಬ್ಬಹರಿದಿನ, ಮದುವೆ, ಮುಪ್ಪು ಇವಕ್ಕೆಂದು ಇನ್ನೂ ಶೇ. 25 ಸೇರಬೇಕು. ಹಬ್ಬಕ್ಕೂ ಮುಪ್ಪಿಗೂ ಸಂಬಳದಲ್ಲಿ ಪಾಲಿರಬೇಕು ಎಂದು ದೇಶದ ದೊಡ್ಡ ನ್ಯಾಯಾಲಯವೇ ಹೇಳಿದೆ. ನೀನು ನಿನ್ನ ಸಂಬಳವನ್ನು ಇದರ ಮೇಲೊಮ್ಮೆ ಇಟ್ಟು ನೋಡು. ಅಕ್ಕಿ, ಬಾಡಿಗೆ, ಗ್ಯಾಸು, ಔಷಧಿ, ಅಪ್ಪ ಅಮ್ಮನಿಗೆ ಕಳಿಸುವುದು ಎಲ್ಲ ಕಳೆದು ಏನೂ ಉಳಿಯದಿದ್ದರೆ, ನೀನು ದುಂದು ಮಾಡುವವನಲ್ಲ ಎಂದಾದರೆ, ತಪ್ಪು ಸಂಬಳದಲ್ಲಿದೆ. ನಿನ್ನ ವಯಸ್ಸಿನಲ್ಲಿಲ್ಲ, ನಿನ್ನ ಯೋಗ್ಯತೆಯಲ್ಲೂ ಇಲ್ಲ.

ನಮ್ಮ ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಸರ್ಕಾರಿ ನೌಕರರ ಅತಿ ಕೆಳಗಿನ ಮೂಲವೇತನ 27,000 ಆಯಿತು. ಅದರ ಮೇಲೆ ತುಟ್ಟಿಭತ್ಯೆ ಬೇರೆ, ವರ್ಷಕ್ಕೆ ಎರಡು ಸಲ ಜನವರಿ ಮತ್ತು ಜುಲೈಗೆ ಲೆಕ್ಕ ಹಾಕಿ ಏರಿಸುತ್ತಾರೆ. ಖಾಸಗಿ ಕೆಲಸದಲ್ಲಿ ಬಹಳ ಕಡೆ ಈ ತುಟ್ಟಿಭತ್ಯೆ ಇಲ್ಲವಾದ್ದರಿಂದ ಬೆಲೆಯೇರಿಕೆಯ ಪೆಟ್ಟು ನೇರ ನಿನಗೇ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ ಇವತ್ತಿನ 25,000ಕ್ಕೆ ಮೂರು ವರ್ಷದ ಮೇಲೆ ಹೆಚ್ಚುಕಡಿಮೆ 29,800 ಬೇಕು. ಮೂರು ವರ್ಷದಿಂದ ಅದೇ 25,000 ತೆಗೆದುಕೊಳ್ಳುತ್ತಿದ್ದೀ ಎಂದರೆ ಸಂಬಳ ನಿಂತಿಲ್ಲ, ಇಳಿದಿದೆ. ಇದನ್ನು ಮಾಲೀಕರ ಮುಂದೆ ಹೇಳುವುದಕ್ಕೆ ನಾಚಿಕೆ ಬೇಡ.

ಹೇಳುವುದು ಹೇಗೆ ಎಂಬುದೂ ಮುಖ್ಯ. ‘ನನಗೆ ಮದುವೆ ಗೊತ್ತಾಗಿದೆ, ಖರ್ಚಿದೆ’ ಎಂದು ಕೇಳಬೇಡ. ನಿನ್ನ ಮದುವೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಸೇರಿದಾಗ ಏನು ಮಾಡುತ್ತಿದ್ದೆ, ಈಗ ಏನೇನು ಹೆಚ್ಚಿಗೆ ನೋಡಿಕೊಳ್ಳುತ್ತಿದ್ದೀ, ನೀನಿಲ್ಲದ ದಿನ ಯಾವ ಕೆಲಸ ನಿಂತಿತು, ಇದನ್ನೆಲ್ಲ ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡು. ಇದೇ ಕೆಲಸಕ್ಕೆ ಬೇರೆ ಮೂರು ನಾಲ್ಕು ಕಡೆ ಎಷ್ಟಿದೆ ಎಂದು ವಿಚಾರಿಸು, ಬಿಟ್ಟು ಹೋದವರನ್ನು ಕೇಳು, ಜೊತೆಗಿರುವವರ ಹತ್ತಿರವೂ ಮಾತಾಡು. ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಹಿಂದಿನ ಸಂಬಳ ಎಷ್ಟಿತ್ತು ಎಂದು ಕೇಳಿ ಅದರ ಮೇಲೆ ಒಂದಿಷ್ಟು ಸೇರಿಸಿ ಕೊಡುವ ರೂಢಿ ಇದೆಯಲ್ಲ, ಮೊದಲ ಕೆಲಸದಲ್ಲಿ ಆದ ಅನ್ಯಾಯ ಅದರಿಂದ ಕೊನೆಯ ಕೆಲಸದವರೆಗೂ ಹಿಂಬಾಲಿಸುತ್ತದೆ. ‘ಈ ಹುದ್ದೆಗೆ ನೀವು ಇಟ್ಟಿರುವುದೆಷ್ಟು’ ಎಂದು ನೀನೇ ಮೊದಲು ಕೇಳು ತಂಗಿ.

ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯ ಡಾಟಾ ಎಂಟ್ರಿಯವರು, ಆಸ್ಪತ್ರೆಯ ಗುತ್ತಿಗೆ ನರ್ಸುಗಳು ಇಂಥ ಮಕ್ಕಳು ನಮ್ಮ ತಾಲ್ಲೂಕಿನಲ್ಲಿ ಮನೆಗೊಬ್ಬರಂತೆ ಇದ್ದಾರೆ. ಒಂದೇ ಕೋಣೆ, ಒಂದೇ ಪಾಠ, ಖಾಯಂ ಆದವರ ಸಂಬಳದ ಒಂದು ತುಂಡು ಇವರಿಗೆ. ನೀವೂ ಇವರಲ್ಲೊಬ್ಬರಾದರೆ, ನಿಮ್ಮ ಸಂಬಳ ಸರಿಯಿದೆಯೇ ಎಂದು ಲೆಕ್ಕ ಹಾಕಿ ನೋಡುವ ಅಗತ್ಯವೇ ಇಲ್ಲ, ಸರಿಯಿಲ್ಲ. 2016ರಲ್ಲಿ ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಮಾನ ಕೆಲಸಕ್ಕೆ ಸಮಾನ ವೇತನ ಎಂಬುದು ತಾತ್ಕಾಲಿಕ ನೌಕರರಿಗೂ ಸಲ್ಲುತ್ತದೆ ಎಂದು ಹೇಳಿತು. ಒಬ್ಬೊಬ್ಬರೇ ಕೇಳಿದರೆ ನಾಳೆಯಿಂದ ಬರಬೇಡಿ ಎನ್ನುತ್ತಾರೆ. ಸಂಘವಾಗಿ ಕೇಳಿ.

ಇನ್ನು ಕೆಲವು ಸಣ್ಣ ತಪಾಸಣೆ. ಪ್ರತಿ ತಿಂಗಳು ಸಂಬಳದ ಚೀಟಿ ಕೇಳಿ ಪಡೆದು ಇಟ್ಟುಕೋ. ಪಿಎಫ್ ಎಂದು ಮುರಿದ ದುಡ್ಡು ನಿನ್ನ ಯುಎಎನ್ ಖಾತೆಗೆ ಜಮೆಯಾಗಿದೆಯೇ ಎಂದು ಪಾಸ್‌ಬುಕ್ ತೆಗೆದು ನೋಡು. ಮುರಿದುಕೊಂಡು ಕಟ್ಟದವರೂ ಇದ್ದಾರೆ. ಸಂಬಳ 21,000ದೊಳಗಿದ್ದು ಇಎಸ್‌ಐ ಆರೋಗ್ಯವಿಮೆ ಇರುವ ಕಡೆಯಾದರೆ ನಿನ್ನ ಪಾಲು ಶೇ. 0.75, ಮಾಲೀಕರದು ಶೇ. 3.25, ಕಾರ್ಡು ಮಾಡಿಸಿಕೋ, ಮನೆಯವರ ಔಷಧಿಗೂ ಆಗುತ್ತದೆ. ಹೆಚ್ಚುವರಿ ದುಡಿತಕ್ಕೆ ಎರಡು ಪಟ್ಟು ಕೂಲಿ ಕೊಡಬೇಕೆಂಬುದು ಕಾನೂನು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಭತ್ಯೆಗಳನ್ನು ಉಬ್ಬಿಸಿ ಮೂಲವೇತನವನ್ನು ಕುಗ್ಗಿಸುವ ಆಟ ನಡೆಯುವುದಿಲ್ಲ, ಒಟ್ಟಿನ ಅರ್ಧವನ್ನಾದರೂ ವೇತನವೆಂದೇ ಲೆಕ್ಕ ಹಿಡಿಯಬೇಕು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುತ್ತಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗು, ಹೋಗಲು ವಕೀಲರೇ ಬೇಕೆಂದಿಲ್ಲ.

ಕಡೆಯದಾಗಿ ಒಂದು ಮಾತು, ಇದು ನೀನು ಕೊಡುವ ಸಂಬಳದ್ದು. ಊರಿನ ತೋಟದ ಆಳಿನ ಲೆಕ್ಕವನ್ನು ಈಗ ನೀನೇ ಬೆಂಗಳೂರಿನಿಂದ ಫೋನ್‌ಪೇಯಲ್ಲಿ ಚುಕ್ತಾ ಮಾಡುತ್ತೀ ಎಂದು ಕೇಳಿದ್ದೇನೆ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು, ಗಂಡಸಿಗೂ ಹೆಂಗಸಿಗೂ ಒಂದೇ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು, ಹೊಸ ಸಂಹಿತೆಯಲ್ಲೂ ಅದೇ ಮಾತಿದೆ. ಆದರೂ ನಮ್ಮ ಗದ್ದೆ ತೋಟಗಳಲ್ಲಿ ಗಂಡಾಳು, ಹೆಣ್ಣಾಳು ಎಂದು ಎರಡು ದರ ನಡೆದುಕೊಂಡೇ ಬಂದಿದೆ. ಈ ಸಲ ಕೊಯ್ಲಿಗೆ ಬಂದಾಗ ಅಪ್ಪನ ಲೆಕ್ಕದ ಪುಸ್ತಕ ತೆಗೆದು ನೋಡು. ಒಂದೇ ಗೊಬ್ಬರ ಹೊತ್ತವರಿಗೆ, ಒಂದೇ ಹೊತ್ತು ದುಡಿದವರಿಗೆ ಎರಡು ಅಂಕಿ ಬರೆದಿದ್ದರೆ ಕಡಿಮೆಯಿರುವುದನ್ನು ಹೆಚ್ಚಿನದಕ್ಕೆ ಸರಿ ಮಾಡಿಸು. ಅಪ್ಪ ಬೈದರೆ ಬೈಸಿಕೋ.